ಸೂಜಿ ಹುಟ್ಟಿದ ಊರಿನಲ್ಲಿ

ಇಂದು ಯಾವ ಆಸ್ಪತ್ರೆಗೆ ಹೋದರೂ ಕಣ್ಣಿಗೆ ಬೀಳುವ ಚುಚ್ಚುಮದ್ದಿನ ಸೂಜಿಗೂ ಒಂದು ಹುಟ್ಟೂರಿದೆ. 1853ರಲ್ಲಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊದಲ್ಲಿ ಅಲೆಕ್ಸಾಂಡರ್ ವುಡ್ ಎಂಬ ವೈದ್ಯ, ಟೊಳ್ಳು ಸೂಜಿ ಜೋಡಿಸಿದ ಸಣ್ಣ ಗಾಜಿನ ಪಿಚಕಾರಿಯಿಂದ ನರನೋವಿನಿಂದ ನರಳುತ್ತಿದ್ದ ಮುದುಕಿಯೊಬ್ಬಳ ಚರ್ಮದಡಿಗೆ ಮಾರ್ಫಿನ್ ಸೇರಿಸಿದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಫ್ರಾನ್ಸಿನಲ್ಲೂ ಒಬ್ಬ ಸಿರಿಂಜು ಮಾಡಿದ್ದನೆನ್ನಿ. ಆದರೆ ಅದರಿಂದ ಅಫೀಮಿನ ಸತ್ವವನ್ನು ಮನುಷ್ಯನ ಮೈಯೊಳಗೆ ಇಳಿಸಿ, ಅದನ್ನು ಬರೆದು ಲೋಕಕ್ಕೆ ತಿಳಿಸಿದ ಕೀರ್ತಿ ವುಡ್‌ಗೇ ಸಲ್ಲಬೇಕು. ನೋವಿರುವ ನರದ ಪಕ್ಕದಲ್ಲೇ ಚುಚ್ಚಿದರೆ ಔಷಧಿ ಆ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ ಎಂದು ಅವನು ನಂಬಿದ್ದ. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಚಾರ್ಲ್ಸ್ ಹಂಟರ್ ಆ ನಂಬಿಕೆ ತಪ್ಪೆಂದು ತೋರಿಸಿದ. ಎಲ್ಲಿ ಚುಚ್ಚಿದರೂ ಮದ್ದು ರಕ್ತಕ್ಕೆ ಸೇರುತ್ತದೆ, ರಕ್ತದ ಮೂಲಕ ಮಿದುಳನ್ನು ತಲುಪುತ್ತದೆ. ಸೂಜಿಯ ಬಗ್ಗೆ ಮನುಷ್ಯ ಕಲಿತ ಮೊದಲ ಪಾಠ ಅದೇ.

ಹತ್ತೊಂಬತ್ತನೆಯ ಶತಮಾನದ ಎಡಿನ್‌ಬರೊದಲ್ಲಿ ಮಾರ್ಫಿನ್ ತಯಾರಿಸುವ ಕಾರ್ಖಾನೆಗಳಿದ್ದವು. ಅಲ್ಲಿಂದ ಅದು ದೇಶವಿದೇಶಗಳಿಗೆ ಹೋಗುತ್ತಿತ್ತು. 1874ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ಆಲ್ಡರ್ ರೈಟ್ ಮಾರ್ಫಿನ್‌ನಿಂದ ಇನ್ನೊಂದು ವಸ್ತುವನ್ನು ತಯಾರಿಸಿದ. 1898ರಲ್ಲಿ ಜರ್ಮನಿಯ ಬಾಯರ್ ಕಂಪನಿ ಅದನ್ನೇ ಕೆಮ್ಮಿನ ಔಷಧಿಯಾಗಿ ಹೆರಾಯಿನ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಹೀಗೆ ಸೂಜಿಯೂ ಸಿದ್ಧವಾಯಿತು, ಸೂಜಿಯೊಳಗಿನ ಪದಾರ್ಥವೂ ಸಿದ್ಧವಾಯಿತು. ಇವೆರಡರ ಜೊತೆಗೆ ಒಂದು ವೈರಸ್ ಬಂದು ಕೂಡಿಕೊಳ್ಳುವುದಕ್ಕೆ ಇನ್ನೂ ಸುಮಾರು ಎಂಬತ್ತೈದು ವರ್ಷ ಬೇಕಾಯಿತು. ಅವು ಕೂಡಿದಾಗ ಏನಾಯಿತೆಂಬುದನ್ನು ಅತಿ ನಿಚ್ಚಳವಾಗಿ ಕಂಡ ಊರುಗಳಲ್ಲಿ ಎಡಿನ್‌ಬರೊ ಕೂಡ ಒಂದು.

ಪ್ರವಾಸಿಗರು ನೋಡುವ ಎಡಿನ್‌ಬರೊ ಬೇರೆ. ಗುಡ್ಡದ ಮೇಲಿನ ಕೋಟೆ, ಕಲ್ಲುಹಾಸಿನ ಬೀದಿಗಳು, ಆಗಸ್ಟಿನ ಕಲೋತ್ಸವ. ಊರಿನ ಉತ್ತರದಂಚಿನಲ್ಲಿ, ಸಮುದ್ರದ ಕಡೆಗೆ, ಮ್ಯೂರ್‌ಹೌಸ್ ಎಂಬ ಬಡಾವಣೆಯಿದೆ. ಎರಡನೆಯ ಮಹಾಯುದ್ಧದ ನಂತರ ನಗರಸಭೆ ಬಡವರಿಗಾಗಿ ಕಟ್ಟಿಸಿದ ಸಾಲು ಸಾಲು ವಸತಿಗಳು. 1980ರ ದಶಕದ ಆರಂಭದಲ್ಲಿ ಅಲ್ಲಿನ ಯುವಕರಿಗೆ ಕೆಲಸವಿರಲಿಲ್ಲ. ಅದೇ ಹೊತ್ತಿಗೆ ಅಗ್ಗದ ಕಂದುಬಣ್ಣದ ಹೆರಾಯಿನ್ ಬಂದು ಸುರಿಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅದೇ ವರ್ಷದ ಕೊನೆಯಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯೆತ್ ಸೈನ್ಯದ ಪ್ರವೇಶ. ಆ ಗೊಂದಲದ ನಡುವೆ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಗಡಿಸೀಮೆಯ ಮಾಲು ಪಶ್ಚಿಮ ಯುರೋಪಿನ ಬೀದಿಗಳಿಗೆ ದಾರಿ ಮಾಡಿಕೊಂಡಿತು. ದೊಡ್ಡ ರಾಜಕೀಯದ ಕಸ ಕೊನೆಗೆ ಬಡವರ ಮನೆಯಂಗಳದಲ್ಲೇ ಬಂದು ಬೀಳುವುದು ಹೊಸ ವಿಷಯವೇನಲ್ಲ.

ಪೊಲೀಸರು ಬಿಗಿಯಾದರು. ಅವರ ಬಿಗಿ ಹೆರಾಯಿನ್ ಮೇಲಷ್ಟೇ ಅಲ್ಲ, ಸಿರಿಂಜಿನ ಮೇಲೂ ಇತ್ತು. ಜೇಬಿನಲ್ಲಿ ಸೂಜಿ ಸಿಕ್ಕರೆ ಅದನ್ನು ಕಸಿದುಕೊಳ್ಳುವುದು, ಅದನ್ನೇ ಸಾಕ್ಷಿಯಾಗಿ ಹಿಡಿಯುವುದು ನಡೆಯಿತು. ಔಷಧಿ ಅಂಗಡಿಯವರು ವ್ಯಸನಿಗಳೆಂದು ಕಂಡವರಿಗೆ ಸಿರಿಂಜು ಮಾರುವುದನ್ನು ನಿಲ್ಲಿಸಿದರು. ಸೂಜಿ ಸಿಗದಿದ್ದರೆ ಚಟ ನಿಲ್ಲುತ್ತದೆ ಎಂಬುದು ಎಲ್ಲರ ಲೆಕ್ಕ. ಕೇಳುವುದಕ್ಕೆ ಸರಿಯಾಗಿಯೇ ಇರುವ ಲೆಕ್ಕ. ನಮ್ಮೂರಿನ ಸಭೆಯಲ್ಲಿ ಯಾರಾದರೂ ಇದನ್ನೇ ಹೇಳಿದ್ದರೆ ನಾವೂ ತಲೆದೂಗುತ್ತಿದ್ದೆವು. ಆದರೆ ಚಟ ನಿಲ್ಲಲಿಲ್ಲ, ಸೂಜಿಗಳ ಸಂಖ್ಯೆಯಷ್ಟೇ ಇಳಿಯಿತು. ಒಂದೇ ಸಿರಿಂಜು ಒಂದು ಕೋಣೆಯಲ್ಲಿ ಹತ್ತಾರು ಜನರ ಕೈ ದಾಟತೊಡಗಿತು. ಅದರ ತುದಿ ಮೊಂಡಾಗುವವರೆಗೆ, ಮೊಂಡಾದ ಮೇಲೂ.

ಮ್ಯೂರ್‌ಹೌಸಿನ ಸಣ್ಣ ದವಾಖಾನೆಯಲ್ಲಿ ರಾಯ್ ರಾಬರ್ಟ್‌ಸನ್ ಎಂಬ ಯುವ ವೈದ್ಯರಿದ್ದರು. ಅವರ ಬಳಿ ಬರುವ ಹೆರಾಯಿನ್ ವ್ಯಸನಿಗಳಲ್ಲಿ ಕಾಮಾಲೆ ವಿಪರೀತವಾಗಿತ್ತು. ಅದು ಹೆಪಟೈಟಿಸ್-ಬಿ ಎಂದು ಗುರುತಿಸಲು ರಕ್ತದ ಮಾದರಿಗಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಉಳಿದ ರಕ್ತ ಅಲ್ಲಿನ ಶೈತ್ಯಪೆಟ್ಟಿಗೆಯಲ್ಲಿ ಕೂತಿತ್ತು. 1985ರಲ್ಲಿ ಏಡ್ಸ್ ವೈರಸ್ಸಿನ ರಕ್ತಪರೀಕ್ಷೆ ಬಳಕೆಗೆ ಬಂದಾಗ ಆ ಹಳೆಯ ಮಾದರಿಗಳನ್ನು ಹೊರತೆಗೆದು ಪರೀಕ್ಷಿಸಿದರು. ಫಲಿತಾಂಶ 1986ರ ಆರಂಭದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. 164 ಜನರಲ್ಲಿ ಶೇ. 51 ಮಂದಿಗೆ ಸೋಂಕು! ಕೂಡಿಟ್ಟಿದ್ದ ರಕ್ತದ ತಾರೀಕುಗಳನ್ನು ಹಿಡಿದು ಹಿಂದಕ್ಕೆ ಹೋದರೆ ವೈರಸ್ 1983ರ ಸುಮಾರಿಗೆ ಬಂದು, ಒಂದೆರಡು ವರ್ಷಗಳಲ್ಲೇ ಅರ್ಧದಷ್ಟು ಜನರನ್ನು ಹಿಡಿದಿತ್ತು. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ ಗ್ಲಾಸ್ಗೊ. ಅದೇ ಬಡತನ, ಅದೇ ಹೆರಾಯಿನ್. ಅಲ್ಲಿನ ವ್ಯಸನಿಗಳಲ್ಲಿ ಸೋಂಕಿದ್ದುದು ಶೇ. 5ರ ಸುತ್ತಮುತ್ತ. ವ್ಯತ್ಯಾಸಕ್ಕೆ ಕಾರಣಗಳು ಒಂದೆರಡಲ್ಲದಿರಬಹುದು. ಆದರೆ ರಾಬರ್ಟ್‌ಸನ್ ಮತ್ತು ಅವರ ಸಂಗಡಿಗರು ಬೆರಳು ತೋರಿಸಿದ್ದು ಸೂಜಿಯ ಅಭಾವದ ಕಡೆಗೆ. ಪತ್ರಿಕೆಗಳು ಎಡಿನ್‌ಬರೊವನ್ನು ಯುರೋಪಿನ ಏಡ್ಸ್ ರಾಜಧಾನಿ ಎಂದು ಕರೆದವು. ಸೋಂಕಿತರಲ್ಲಿ ಯುವತಿಯರಿದ್ದರು, ಬಸುರಿಯರಿದ್ದರು.

ಅದೇ ವರ್ಷ ರಕ್ತನಿಧಿಯ ವೈದ್ಯ ಬ್ರಯಾನ್ ಮೆಕ್ಲೆಲೆಂಡ್ ಅವರ ಅಧ್ಯಕ್ಷತೆಯ ಸಮಿತಿ ಸರಕಾರಕ್ಕೆ ವರದಿ ಕೊಟ್ಟಿತು. ಶುದ್ಧ ಸೂಜಿ ಕೊಡಿ, ಸೂಜಿ ಬಿಡಲು ಸಹಾಯವಾಗುವಂತೆ ಬಾಯಿಯಿಂದ ಕುಡಿಯುವ ಬದಲಿ ಔಷಧಿ ಕೊಡಿ ಎಂಬುದು ಅದರ ಸಾರ. ಗಲಾಟೆಯಾಯಿತು. ಸರಕಾರವೇ ಚಟಕ್ಕೆ ಸಾಮಗ್ರಿ ಹಂಚುವುದೇ? 1987ರಲ್ಲಿ ಪ್ರಾಯೋಗಿಕ ಸೂಜಿ ವಿನಿಮಯ ಕೇಂದ್ರಗಳು ಆರಂಭವಾದವು. 1988ರಲ್ಲಿ ಬ್ರಿಟನ್ನಿನ ಮಾದಕವಸ್ತು ಸಲಹಾ ಮಂಡಳಿ ವ್ಯಕ್ತಿಗೂ ಸಮಾಜಕ್ಕೂ ಮಾದಕವ್ಯಸನಕ್ಕಿಂತ ಎಚ್‌ಐವಿಯೇ ಹೆಚ್ಚಿನ ಅಪಾಯ ಎಂದು ಸ್ಪಷ್ಟವಾಗಿ ಹೇಳಿತು. ಎಡಿನ್‌ಬರೊದಲ್ಲಿ ಮೆಥಡೋನ್ ಎಂಬ ಬದಲಿ ಔಷಧಿಯ ಬಾಟಲಿಗಳು ಹೆಚ್ಚಾದವು, ಹೊಸ ಸೋಂಕುಗಳು ಇಳಿದವು. ಆದರೆ ಸೋಂಕು ತಗಲಿದವರು ತಗಲಿಸಿಕೊಂಡಾಗಿತ್ತು. ಅವರ ಕತೆ ಅಲ್ಲಿಂದ ಮುಂದೆ ಮಿದುಳಿನ ಕಡೆಗೆ ಹೊರಳುತ್ತದೆ.

ಏಡ್ಸ್ ಎಂದರೆ ರೋಗನಿರೋಧಕ ಶಕ್ತಿ ಕುಂದುವ ಕಾಯಿಲೆ ಎಂದೇ ಮೊದಲು ಎಲ್ಲರೂ ತಿಳಿದಿದ್ದರು. ಅದು ನಿಜವೂ ಹೌದು. ಆದರೆ ನ್ಯೂಯಾರ್ಕಿನ ನರರೋಗ ವೈದ್ಯರು ಇನ್ನೊಂದು ವಿಚಿತ್ರವನ್ನು ಕಾಣತೊಡಗಿದರು. ಮಿದುಳಿಗೆ ಬೇರಾವ ಸೋಂಕೂ ತಗಲದ, ಗೆಡ್ಡೆಯೂ ಇಲ್ಲದ ಯುವ ರೋಗಿಗಳು ನಿಧಾನವಾಗುತ್ತಿದ್ದರು. ಮಾತಿಗೆ ಉತ್ತರ ಬರಲು ತಡ, ಹೆಜ್ಜೆ ಭಾರ, ಬರವಣಿಗೆ ಅಂಕುಡೊಂಕು. ಓದುತ್ತಿದ್ದ ಪುಟ ಮುಗಿಯುವಷ್ಟರಲ್ಲಿ ಅದರ ಮೊದಲ ಸಾಲು ಮರೆತುಹೋಗಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಯಾವುದರಲ್ಲೂ ಆಸಕ್ತಿಯಿಲ್ಲದ ಮೌನ. 1985ರಲ್ಲಿ ಸತ್ತವರ ಮಿದುಳಿನಲ್ಲೇ ವೈರಸ್ ಇರುವುದನ್ನು, ಅದೂ ಮಕ್ಕಳ ಮಿದುಳಿನಲ್ಲೂ ಇರುವುದನ್ನು, ವಿಜ್ಞಾನಿಗಳು ತೋರಿಸಿದರು. 1986ರಲ್ಲಿ ಬ್ರಾಡ್‌ಫರ್ಡ್ ನವಿಯಾ, ರಿಚರ್ಡ್ ಪ್ರೈಸ್ ಮತ್ತು ಅವರ ಸಂಗಡಿಗರು ಈ ಸ್ಥಿತಿಗೆ ಏಡ್ಸ್ ಡಿಮೆನ್ಷಿಯಾ ಎಂಬ ಅರ್ಥದ ಹೆಸರಿಟ್ಟರು. ಮುಪ್ಪಿನಲ್ಲಿ ಬರುವ ಮರೆವಿನ ಕಾಯಿಲೆ ಮೂವತ್ತರ ಹರೆಯದವರಿಗೆ ಬಂದಂತಾಗಿತ್ತು.

ಇಲ್ಲಿ ಒಂದು ಸೋಜಿಗವಿದೆ. ಈ ವೈರಸ್ ನರಕೋಶವನ್ನು ಹೊಕ್ಕು ಕೊಲ್ಲುವುದಿಲ್ಲ. ಮಿದುಳಿಗೆ ತನ್ನದೇ ಕಾವಲು ಕಣಗಳಿವೆ, ಮೈಕ್ರೋಗ್ಲಿಯಾ ಎನ್ನುತ್ತಾರೆ. ರಕ್ತದಿಂದ ಮಿದುಳಿಗೆ ಹೋಗಿ ಬರುವ ಬಿಳಿಕಣಗಳೂ ಇವೆ. ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ಒಂದು ತಡೆಗೋಡೆ ಇದ್ದರೂ ಸೋಂಕಿತ ಬಿಳಿಕಣದೊಳಗೆ ಅಡಗಿ ವೈರಸ್ ಆ ಗೋಡೆ ದಾಟುತ್ತದೆ. ಕಾವಲು ಕಣಗಳು ಸೋಂಕಿಗೆ ಸಿಕ್ಕಿ, ಕೆಲವೊಮ್ಮೆ ಒಂದಕ್ಕೊಂದು ಬೆಸೆದು, ಹಲವು ಬೀಜಗಳಿರುವ ದೈತ್ಯ ಕಣಗಳಾಗುತ್ತವೆ. ಅವು ಕಾರುವ ವಿಷವಸ್ತುಗಳಿಂದ, ವೈರಸ್ಸಿನದೇ ಪ್ರೋಟೀನ್ ಚೂರುಗಳಿಂದ ಸುತ್ತಲಿನ ನರಕೋಶಗಳು ಸೊರಗುತ್ತವೆ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಹೊಗೆಯಿಂದ ಉಸಿರುಗಟ್ಟಿದವರಂತೆ. ಹೆಚ್ಚು ಪೆಟ್ಟು ಬೀಳುವುದು ಮಿದುಳಿನ ಆಳದಲ್ಲಿ ಚಲನೆಯನ್ನೂ ಉತ್ಸಾಹವನ್ನೂ ನಿಯಂತ್ರಿಸುವ ಗಂಟುಗಳಿಗೆ, ಬಿಳಿಯ ತಂತುಗಳಿಗೆ, ನೆನಪಿನ ಕೇಂದ್ರಕ್ಕೆ.

ಇದೆಲ್ಲ ರೋಗದ ಕೊನೆಯಲ್ಲಿ ಆಗುವ ಮಾತೆಂದು ಬಹುಕಾಲ ಭಾವಿಸಲಾಗಿತ್ತು. 1992ರಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಆಸ್ಪತ್ರೆಯ ಕಣ್ತಪ್ಪಿನಿಂದ ಸೋಂಕಿತ ರಕ್ತಕಣಗಳನ್ನು ರಕ್ತನಾಳಕ್ಕೆ ಪಡೆದ ರೋಗಿಯೊಬ್ಬರು ಹದಿನೈದು ದಿನಗಳಲ್ಲಿ ತೀರಿಕೊಂಡಿದ್ದರು. ಅಷ್ಟರಲ್ಲಾಗಲೇ ವೈರಸ್ ಮಿದುಳು ಸೇರಿತ್ತು. 2012ರಲ್ಲಿ ಥಾಯ್ಲೆಂಡಿನ ಅಧ್ಯಯನವೊಂದು ಸೋಂಕು ತಗಲಿದ ಎಂಟನೆಯ ದಿನದ ಸುಮಾರಿಗೇ ಬೆನ್ನುಹುರಿಯ ದ್ರವದಲ್ಲಿ ವೈರಸ್ಸಿನ ಕುರುಹು ಕಂಡಿತು. ಅಂದರೆ ಮ್ಯೂರ್‌ಹೌಸಿನ ಯುವಕ 1984ರ ಒಂದು ಸಂಜೆ ಪಕ್ಕದವನ ಸೂಜಿ ಪಡೆದಿದ್ದರೆ, ಅವನಿಗೆ ಸಣ್ಣ ಜ್ವರ ಬರುವ ಹೊತ್ತಿಗೇ ವೈರಸ್ ಅವನ ಮಿದುಳಿನ ಬಾಗಿಲು ತಟ್ಟಿರಬಹುದು. ಅವನು ಏಡ್ಸ್ ರೋಗಿಯೆನಿಸಿಕೊಳ್ಳುವುದಕ್ಕೆ ಇನ್ನೂ ಎಂಟೋ ಹತ್ತೋ ವರ್ಷಗಳಿದ್ದವು.

ವೈರಸ್ ಇಲ್ಲದಿದ್ದರೂ ಸೂಜಿಯ ಚಟ ಮಿದುಳನ್ನು ಸುಮ್ಮನೆ ಬಿಡುತ್ತದೆಯೇ? ಬಿಡುವುದಿಲ್ಲ. ಹೆರಾಯಿನ್ ಮಿದುಳಿನಲ್ಲಿ ಮಾರ್ಫಿನ್ ಆಗಿ ಮಾರ್ಪಟ್ಟು ನೋವನ್ನು ಮರೆಸುವ ಜೊತೆಗೆ ಉಸಿರಾಟದ ಕೇಂದ್ರವನ್ನೂ ಮಂಕುಮಾಡುತ್ತದೆ. ಪ್ರಮಾಣ ಮೀರಿದಾಗ ಉಸಿರು ನಿಧಾನವಾಗುತ್ತದೆ, ಆಮ್ಲಜನಕ ಸಾಲದೆ ನೆನಪಿನ ಕೇಂದ್ರದ ಕಣಗಳು ಮೊದಲು ಸಾಯುತ್ತವೆ. ಪ್ರಾಣ ಉಳಿದರೂ ಈ ನಷ್ಟ ಉಳಿಯುತ್ತದೆ. ಕೊಳಕು ಸೂಜಿಯಿಂದ ರಕ್ತಕ್ಕೆ ಸೇರಿದ ಕ್ರಿಮಿ ಹೃದಯದ ಕವಾಟದಲ್ಲಿ ಬೆಳೆದು, ಅಲ್ಲಿಂದ ಒಡೆದ ಚೂರು ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗುವುದುಂಟು, ಕೀವುಗಟ್ಟುವುದುಂಟು. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದದ್ದನ್ನು ವೈದ್ಯರು ಇಂದಿಗೂ ಮರೆತಿಲ್ಲ. ಕಳ್ಳ ಪ್ರಯೋಗಾಲಯದಲ್ಲಿ ತಯಾರಾದ ಕೃತಕ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಕ ಯುವತಿಯರು ದಿನಗಳೊಳಗೆ ಕಲ್ಲಿನ ಬೊಂಬೆಗಳಂತೆ ಸೆಟೆದುಹೋದರು. ಮಾತಿಲ್ಲ, ಚಲನೆಯಿಲ್ಲ, ಎಚ್ಚರ ಮಾತ್ರ ಇದೆ. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ವೈದ್ಯರು ಇದು ಮುದುಕರಿಗೆ ಬರುವ ಪಾರ್ಕಿನ್ಸನ್ ಕಾಯಿಲೆಯ ತದ್ರೂಪವೆಂದು ಗುರುತಿಸಿದರು. ಆ ಮದ್ದಿನಲ್ಲಿ ಬೆರೆತುಹೋಗಿದ್ದ ಎಂಪಿಟಿಪಿ ಎಂಬ ಕಲ್ಮಶ ಮಿದುಳಿನ ಆಳದ ಒಂದು ಪುಟ್ಟ ಕಪ್ಪು ಭಾಗವನ್ನು ಸುಟ್ಟುಹಾಕಿತ್ತು. ಪಾರ್ಕಿನ್ಸನ್ ಸಂಶೋಧನೆಗೆ ಅದರಿಂದ ಹೊಸ ದಾರಿ ತೆರೆಯಿತು. ಆ ಕೆಲವರಿಗೆ ಮಾತ್ರ ಮೊದಲಿನ ಜೀವನ ಮತ್ತೆ ಸಿಗಲಿಲ್ಲ.

ಮತ್ತೆ ಎಡಿನ್‌ಬರೊಗೆ ಬರೋಣ. ಆ ಊರಿಗೂ ಸತ್ತ ಬಡವರ ಶರೀರಗಳಿಗೂ ಒಂದು ಹಳೆಯ, ಕಹಿಯಾದ ನಂಟಿದೆ. 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬ ಇಬ್ಬರು ಹದಿನಾರು ಮಂದಿಯನ್ನು ಕೊಂದು, ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ನಾಕ್ಸ್ ಎಂಬ ವೈದ್ಯನ ಶಾಲೆಗೆ ಹೆಣಗಳನ್ನು ಮಾರಿದ್ದರು. ಬರ್ಕ್‌ನನ್ನು ಗಲ್ಲಿಗೇರಿಸಿದರು. ಅವನ ಅಸ್ಥಿಪಂಜರ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಈಗಲೂ ಇದೆ. ಕೊಂಡ ನಾಕ್ಸ್‌ಗೆ ಶಿಕ್ಷೆಯಾಗಲಿಲ್ಲ. ಅದೇ ಊರಿನಲ್ಲಿ, ಒಂದೂವರೆ ಶತಮಾನದ ಬಳಿಕ, ಏಡ್ಸ್‌ನಿಂದಲೋ ಅತಿಪ್ರಮಾಣದ ಹೆರಾಯಿನ್‌ನಿಂದಲೋ ಸತ್ತವರ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಸಂಗ್ರಹ ಬೆಳೆಯಿತು. ಸಮಾಜ ಯಾರನ್ನು ಬದುಕಿದ್ದಾಗ ನೋಡಲೂ ಬಯಸಲಿಲ್ಲವೋ ಅವರ ಮಿದುಳಿನ ತೆಳು ಪದರಗಳು ಸೂಕ್ಷ್ಮದರ್ಶಕದಡಿ ಬಂದವು. ನೋಡಿದವರಲ್ಲಿ ಮುಖ್ಯರಾದವರು ನರರೋಗ ತಜ್ಞೆ ಜೀನ್ ಬೆಲ್.

ಎಡಿನ್‌ಬರೊದ ಸಂಗ್ರಹಕ್ಕೆ ಬೇರೆಲ್ಲೂ ಸುಲಭವಾಗಿ ಸಿಗದ ಒಂದು ಬೆಲೆಯಿತ್ತು. ಬೇರೆಡೆ ವಿಜ್ಞಾನಿಗಳಿಗೆ ಸಿಗುತ್ತಿದ್ದುದು ಹೆಚ್ಚಾಗಿ ಏಡ್ಸ್ ಕೊನೆಯ ಹಂತಕ್ಕೆ ಬಂದು ಸತ್ತವರ ಮಿದುಳು. ಇಲ್ಲಿ ಸೋಂಕಿದ್ದರೂ ಏಡ್ಸ್ ಇನ್ನೂ ಬಂದಿರದೆ, ಅತಿಪ್ರಮಾಣದ ಮಾದಕದಿಂದ ಥಟ್ಟನೆ ಸತ್ತವರೂ ಇದ್ದರು. ಎಷ್ಟು ವರ್ಷದಿಂದ ಸೋಂಕಿತ್ತೆಂಬ ಲೆಕ್ಕವೂ ಹಳೆಯ ರಕ್ತದ ಮಾದರಿಗಳಿಂದಾಗಿ ಹೆಚ್ಚುಕಡಿಮೆ ತಿಳಿದಿತ್ತು. ರೋಗದ ಆದಿಯನ್ನೂ ಅಂತ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ. ಏಡ್ಸ್ ಬರುವ ಮುನ್ನವೇ ಸತ್ತವರ ಮಿದುಳಿನಲ್ಲಿ ವೈರಸ್ ಬಹಳ ವಿರಳ. ಆದರೆ ಮಿದುಳಿನ ಹೊದಿಕೆಗಳಲ್ಲಿ, ರಕ್ತನಾಳಗಳ ಸುತ್ತ ಉರಿಯೂತದ ಗುರುತುಗಳು ಆಗಲೇ ಇದ್ದವು. ಏಡ್ಸ್ ಬಂದ ಮೇಲೆ ಸತ್ತವರಲ್ಲಿ ಸೂಜಿಯಿಂದ ಸೋಂಕು ಪಡೆದವರನ್ನು ಸಲಿಂಗಿ ಪುರುಷರೊಂದಿಗೆ ಹೋಲಿಸಿದಾಗ, ವೈರಸ್‌ನಿಂದಲೇ ಆಗುವ ಮಿದುಳಿನ ಉರಿಯೂತ ಸೂಜಿಯವರಲ್ಲಿ ಬಹಳ ಹೆಚ್ಚಾಗಿ ಕಂಡಿತು. ವೈರಸ್ ಒಂದೇ, ಮಿದುಳಿನ ಪಾಡು ಬೇರೆ. ಯಾಕೆ?

ಉತ್ತರದ ಒಂದು ತುಂಡು ಸೋಂಕಿಲ್ಲದ ವ್ಯಸನಿಗಳ ಮಿದುಳಿನಲ್ಲಿ ಸಿಕ್ಕಿತು. ಅಲ್ಲಿಯೂ ಕಾವಲು ಕಣಗಳು ಕೆರಳಿದ್ದವು. ವೈರಸ್ ಬಂದು ಸೇರಬೇಕಾದ ಮನೆ ಮೊದಲೇ ಸಿದ್ಧವಾಗಿತ್ತೆನ್ನಬೇಕು. 2005ರಲ್ಲಿ ಬೆಲ್ ಅವರ ತಂಡ 34 ಯುವ ವ್ಯಸನಿಗಳ ಮಿದುಳನ್ನು ಅದೇ ವಯಸ್ಸಿನ 16 ಇತರರದರೊಂದಿಗೆ ಹೋಲಿಸಿ ಇನ್ನೊಂದು ಸಂಗತಿ ಪ್ರಕಟಿಸಿತು. ಅಲ್ಜೈಮರ್ ಕಾಯಿಲೆಯಲ್ಲಿ ಮುದುಕರ ಮಿದುಳಿನಲ್ಲಿ ಗಂಟುಕಟ್ಟುವ ಟೌ ಎಂಬ ಪ್ರೋಟೀನಿನ ಜಮಾವಣೆ ಈ ಯುವಕರ ನೆನಪಿನ ಕೇಂದ್ರದ ಸುತ್ತ ಹೆಚ್ಚಾಗಿತ್ತು. ಇದಕ್ಕೆ ಹೆರಾಯಿನ್ ಒಂದೇ ಕಾರಣವೆಂದು ಹೇಳಲಾಗದು. ಈ ಬದುಕಿನಲ್ಲಿ ತಲೆಗೆ ಬಿದ್ದ ಪೆಟ್ಟುಗಳಿರುತ್ತವೆ, ಮದ್ಯವಿರುತ್ತದೆ, ಹಲವು ಸಲ ಉಸಿರುನಿಂತು ಬದುಕಿದ್ದಿರುತ್ತದೆ, ಹೆಪಟೈಟಿಸ್-ಸಿ ಇರುತ್ತದೆ. ಯಾವುದರ ಪಾಲು ಎಷ್ಟೆಂದು ತೂಗುವುದು ಸತ್ತವರ ಮಿದುಳಿನಿಂದ ಮಾತ್ರ ಆಗುವ ಕೆಲಸವಲ್ಲ.

ಅದಕ್ಕಾಗಿ ಪ್ರಯೋಗಾಲಯಗಳು ಬಟ್ಟಲಲ್ಲಿ ಬೆಳೆಸಿದ ಕಣಗಳ ಮೊರೆಹೊಕ್ಕವು. ಮಾರ್ಫಿನ್ ಸೇರಿಸಿದಾಗ ವೈರಸ್ ಕಣದೊಳಗೆ ನುಗ್ಗಲು ಹಿಡಿಯುವ ಚಿಲಕಗಳು ಬಿಳಿಕಣಗಳ ಮೇಲೆ ಹೆಚ್ಚಾಗುವುದನ್ನು, ವೈರಸ್ ಬೇಗ ವೃದ್ಧಿಸುವುದನ್ನು ಹಲವರು ಕಂಡರು. ವೈರಸ್ಸಿನ ಟ್ಯಾಟ್ ಎಂಬ ಪ್ರೋಟೀನು ಮತ್ತು ಮಾರ್ಫಿನ್ ಜೊತೆಯಾದಾಗ ನರಕೋಶದ ಕವಲುಗಳು ಒಂದೊಂದರಿಂದ ಆಗುವುದಕ್ಕಿಂತ ಹೆಚ್ಚು ಸೊರಗುತ್ತವೆಂದು ಅಮೆರಿಕದ ಕರ್ಟ್ ಹೌಸರ್ ಅವರ ಬಳಗ ತೋರಿಸಿತು. ಬಟ್ಟಲಿನ ಮಾತನ್ನು ನೇರವಾಗಿ ಮನುಷ್ಯನಿಗೆ ಅನ್ವಯಿಸಲು ಅವಸರ ಮಾಡಬಾರದು. ಬಾಯಿಯಿಂದ ಕುಡಿಯುವ ಮೆಥಡೋನ್ ಕೂಡ ಅದೇ ಜಾತಿಯ ಮದ್ದು, ಆದರೂ ಅದನ್ನು ಪಡೆದವರು ಹೆಚ್ಚು ಕಾಲ ಬದುಕಿದರು. ಸೂಜಿ ತಪ್ಪಿತು, ದಿನಕ್ಕೆ ಹಲವು ಸಲ ಏರಿಳಿಯುವ ಅಮಲು ತಪ್ಪಿತು, ವೈದ್ಯರ ಮುಖ ನೋಡುವ ಅಭ್ಯಾಸ ಉಳಿಯಿತು.

ಈ ವಿಜ್ಞಾನದ ಮಾತುಗಳ ನಡುವೆ ಮನೆಯವರನ್ನು ಮರೆಯುವುದು ಬೇಡ. ವ್ಯಸನಿಯ ಮನೆಯಲ್ಲಿ ಏನು ನಡೆಯುತ್ತದೆಂದು ಕಂಡವರಿಗೆ ಗೊತ್ತು. ಹೇಳಿದ ಕೆಲಸ ಮರೆಯುತ್ತಾನೆ, ಆಸ್ಪತ್ರೆಯ ದಿನ ತಪ್ಪಿಸುತ್ತಾನೆ, ಮಗು ಅತ್ತರೂ ಕಲ್ಲಿನಂತೆ ಕೂರುತ್ತಾನೆ. ಅಮಲು, ಸೋಮಾರಿತನ, ಕೆಟ್ಟ ಬುದ್ಧಿ ಎಂದು ತಾಯಿ ಹೇಳುತ್ತಾಳೆ, ಹೆಂಡತಿ ಹೇಳುತ್ತಾಳೆ, ವೈದ್ಯರೂ ಹೇಳುತ್ತಾರೆ. ಅಮಲೂ ಇರಬಹುದು. ಆದರೆ ಎಡಿನ್‌ಬರೊದ ಗಾಜಿನ ಪಟ್ಟಿಗಳ ಮೇಲೆ ಕಂಡದ್ದು ಆ ಮರೆವಿಗೂ ಆ ಮೌನಕ್ಕೂ ಶರೀರದಲ್ಲಿ ಒಂದು ನೆಲೆಯಿರಬಹುದೆಂಬ ಸಾಕ್ಷಿ. ವ್ಯಸನಿಗಳು ಮಾತ್ರೆಗಳನ್ನು ಸರಿಯಾಗಿ ನುಂಗುವುದಿಲ್ಲ ಎಂದು ಹೇಳಿ ದುಬಾರಿ ಚಿಕಿತ್ಸೆಯಿಂದ ಅವರನ್ನು ದೂರವಿಟ್ಟ ಕಾಲವೊಂದು ಹಲವು ದೇಶಗಳಲ್ಲಿತ್ತು. ಮಾತ್ರೆ ನೆನಪಿಟ್ಟು ನುಂಗಬೇಕಾದ ಅಂಗವೇ ಆ ಮಾತ್ರೆಯಿಲ್ಲದೆ ಹಾಳಾಗುತ್ತಿತ್ತು!

1996ರಲ್ಲಿ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದ ಮೇಲೆ ಕತೆ ಬದಲಾಯಿತು. ತೀವ್ರ ಡಿಮೆನ್ಷಿಯಾ ಅಪರೂಪವಾಯಿತು. ಆದರೆ ಸಣ್ಣ ತೊಂದರೆಗಳು ಪೂರ್ತಿ ಹೋಗಲಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು 1,555 ಸೋಂಕಿತರನ್ನು ಪರೀಕ್ಷಿಸಿತು. ಡಿಮೆನ್ಷಿಯಾ ಇದ್ದವರು ಶೇ. 2ರಷ್ಟು, ಯಾವುದಾದರೊಂದು ಬಗೆಯ ಕುಂದು ಕಂಡವರು ಶೇ. 52. ಈ ಎರಡನೆಯ ಅಂಕಿಯನ್ನು ಜಾಗ್ರತೆಯಿಂದ ಓದಬೇಕು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರೆಲ್ಲ ಮಿದುಳಿನ ರೋಗಿಗಳಲ್ಲ, ಬಡತನ ಮತ್ತು ಓದಿನ ಕೊರತೆಯೂ ಅಂಕ ಇಳಿಸುತ್ತವೆ ಎಂದು 2023ರಲ್ಲಿ ತಜ್ಞರ ಅಂತಾರಾಷ್ಟ್ರೀಯ ಗುಂಪೊಂದು ತಿದ್ದಿತು. ಚಿಕಿತ್ಸೆಗೆ ಮುಂಚೆ ಆಗಿಹೋದ ಹಾನಿ ಬೇರೆ, ಈಗಲೂ ನಡೆಯುತ್ತಿರುವ ಹಾನಿ ಬೇರೆ ಎಂದೂ ಅದು ಬಿಡಿಸಿ ಹೇಳಿತು. ಸೋಂಕಿತರಿಗೆ ಕೆಲಸ ಕೊಡುವಾಗಲೇ ಹಿಂಜರಿಯುವ ಸಮಾಜಕ್ಕೆ ಇನ್ನೊಂದು ನೆಪ ಸಿಗಬಾರದಲ್ಲ.

ಮ್ಯೂರ್‌ಹೌಸಿನವರ ಲೆಕ್ಕವೂ 2010ರಲ್ಲೇ ಹೊರಬಂತು. 1980ರಿಂದ 2007ರವರೆಗೆ ಆ ದವಾಖಾನೆಗೆ ಬಂದ ಸೂಜಿ ವ್ಯಸನಿಗಳು 794. ಅವರಲ್ಲಿ 655 ಮಂದಿಯ ಜಾಡು ಹಿಡಿಯಲು ಸಾಧ್ಯವಾಯಿತು. 228 ಮಂದಿ ಸತ್ತಿದ್ದರು. ಮೊದಲ ಸಲ ಚುಚ್ಚಿಕೊಂಡ ದಿನದಿಂದ ಸಾವಿಗೆ ಇದ್ದ ಅಂತರ ಎಚ್‌ಐವಿ ಇದ್ದವರಲ್ಲಿ ಸರಿಸುಮಾರು 24 ವರ್ಷ, ಇಲ್ಲದವರಲ್ಲಿ 41. ಬದಲಿ ಔಷಧಿಯಲ್ಲಿ ಕಳೆದ ಪ್ರತಿ ವರ್ಷಕ್ಕೂ ಸಾವಿನ ಅಪಾಯ ಇಳಿಯುತ್ತಿತ್ತು.

ಎಡಿನ್‌ಬರೊಗೆ ಹೆರಾಯಿನ್ ಹೋದ ದಾರಿಯಲ್ಲಿ ಇದ್ದ ದೇಶಗಳೂ ಇದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ಇರಾನಿನ ಜೈಲುಗಳಲ್ಲಿ ಸೂಜಿಯಿಂದ ಎಚ್‌ಐವಿ ಹರಡಿತು. ಪಶ್ಚಿಮದ ಕೆರ್ಮಾನ್‌ಶಾಹ್ ನಗರದಲ್ಲಿ ಅರಶ್ ಮತ್ತು ಕಾಮಿಯಾರ್ ಅಲಾಯಿ ಎಂಬ ವೈದ್ಯ ಸಹೋದರರು 2000ದ ಸುಮಾರಿಗೆ ವ್ಯಸನ, ಲೈಂಗಿಕ ರೋಗ, ಎಚ್‌ಐವಿ ಮೂರಕ್ಕೂ ಒಂದೇ ಸೂರಿನಡಿ ಚಿಕಿತ್ಸೆ ಕೊಡುವ ಕೇಂದ್ರ ನಡೆಸಿದರು. 2005ರಲ್ಲಿ ನ್ಯಾಯಾಂಗದ ಮುಖ್ಯಸ್ಥ ಆಯತುಲ್ಲಾ ಶಾಹ್ರೂದಿ, ಶುದ್ಧ ಸೂಜಿ ಮತ್ತು ಮೆಥಡೋನ್ ಹಂಚುವ ಕೆಲಸಕ್ಕೆ ಅಡ್ಡಿ ಮಾಡದಂತೆ ನ್ಯಾಯಾಧೀಶರಿಗೆ ಸುತ್ತೋಲೆ ಕಳಿಸಿದರು. ಮಾದಕವಸ್ತುವನ್ನು ನಿಷಿದ್ಧವೆಂದು ನಂಬುವುದಕ್ಕೂ ವ್ಯಸನಿಯ ಪ್ರಾಣ ಉಳಿಸುವುದಕ್ಕೂ ವಿರೋಧವಿಲ್ಲ ಎಂದು ಕೋಮಿನ ವೇದಿಕೆಗಳಲ್ಲಿ ಹೇಳಲು ಅಂಜುವವರು ಈ ಸುತ್ತೋಲೆಯನ್ನು ನೆನೆಯಬಹುದು. ಆ ಸಹೋದರರನ್ನು 2008ರಲ್ಲಿ ಬಂಧಿಸಿ ಸೆರೆಯಲ್ಲಿಟ್ಟರೆಂಬುದನ್ನೂ ಜೊತೆಗೇ ಹೇಳಬೇಕು. ಒಂದೇ ಆಡಳಿತದೊಳಗೆ ಎರಡೂ ನಡೆದವು.

ನಮ್ಮ ದೇಶದ ಎಡಿನ್‌ಬರೊ ಮಣಿಪುರ. ಬರ್ಮಾ ಗಡಿಯ ಮೋರೆ ಪಟ್ಟಣದ ಮೂಲಕ ‘ನಂಬರ್ ಫೋರ್’ ಎಂದು ಕರೆಯುವ ಬಿಳಿ ಹೆರಾಯಿನ್ ಇಂಫಾಲದ ಬೀದಿಗೆ ಬರುತ್ತಿತ್ತು. ಸಿರಿಂಜು ಸಿಗದವರು ಪೆನ್ನಿಗೆ ಶಾಯಿ ತುಂಬುವ ಡ್ರಾಪರಿಗೆ ಸೂಜಿ ಸಿಕ್ಕಿಸಿ ಬಳಸಿದರು. ಅದನ್ನು ತೊಳೆಯುವುದಾದರೂ ಹೇಗೆ? 1989ರ ಸೆಪ್ಟೆಂಬರ್‌ವರೆಗೆ ಅಲ್ಲಿನ ಸೂಜಿ ವ್ಯಸನಿಗಳ ರಕ್ತದಲ್ಲಿ ಎಚ್‌ಐವಿ ಕಂಡಿರಲಿಲ್ಲ. ಮುಂದಿನ ಆರು ತಿಂಗಳಲ್ಲಿ ಪರೀಕ್ಷಿಸಿದವರ ಅರ್ಧದಷ್ಟು ಮಂದಿಗೆ ಸೋಂಕಿತ್ತು. ಸಿಕ್ಕವರನ್ನು ಜೈಲಿಗೆ ಹಾಕಿದ್ದೇ ಮೊದಲ ಚಿಕಿತ್ಸೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಸೋಂಕಿತ ವ್ಯಸನಿಗಳ ಪತ್ನಿಯರನ್ನು ಪರೀಕ್ಷಿಸಿದಾಗ ಶೇ. 45 ಮಂದಿಗೆ ಸೋಂಕು ದಾಟಿತ್ತು. ಆ ಹೆಂಗಸರಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಹೆರಾಯಿನ್ ಮುಟ್ಟಿದವರಲ್ಲ.

ಭಾರತದ ಸೋಂಕಿತರ ಮಿದುಳಿನ ಕತೆಯ ಒಂದು ಅಧ್ಯಾಯ ಬೆಂಗಳೂರಿನಲ್ಲಿ ಬರೆಯಲ್ಪಟ್ಟಿತು. ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ ಅವರ ಬಳಗ ಏಡ್ಸ್‌ನಿಂದ ಸತ್ತವರ ಮಿದುಳುಗಳನ್ನು ಪರೀಕ್ಷಿಸಿದಾಗ ಎಡಿನ್‌ಬರೊದಲ್ಲಿ ಎದ್ದುಕಂಡ ವೈರಸ್ಸಿನ ಉರಿಯೂತ ಇಲ್ಲಿ ವಿರಳವಾಗಿತ್ತು. ಹೆಚ್ಚಾಗಿ ಕಂಡದ್ದು ಕ್ಷಯ, ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ. ನಮ್ಮವರು ನಿಧಾನವಾಗಿ ಮಿದುಳು ಸವೆಯುವಷ್ಟು ಕಾಲ ಬದುಕುವ ಮೊದಲೇ ಈ ಸೋಂಕುಗಳಿಗೆ ಬಲಿಯಾಗುತ್ತಿದ್ದರೇ? ಅದೂ ಒಂದು ಕಾರಣವಿರಬಹುದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ 2004ರಲ್ಲಿ ಇನ್ನೊಂದು ಸುಳಿವು ಕೊಟ್ಟಿತು. ಭಾರತದಲ್ಲಿ ಹೆಚ್ಚಾಗಿರುವ ಸಿ ಎಂಬ ಉಪಜಾತಿಯ ವೈರಸ್ಸಿನಲ್ಲಿ ಆ ಟ್ಯಾಟ್ ಪ್ರೋಟೀನಿನ 31ನೆಯ ಮಣಿ ಬದಲಾಗಿದೆ. ಸಿಸ್ಟೀನ್ ಇರಬೇಕಾದಲ್ಲಿ ಸೆರೀನ್ ಇದೆ. ಆ ಒಂದು ಬದಲಾವಣೆಯಿಂದ ಬಿಳಿಕಣಗಳನ್ನು ತನ್ನತ್ತ ಸೆಳೆಯುವ ಅದರ ಶಕ್ತಿ ಕುಂದುತ್ತದೆ. ಹಾಗೆಂದು ನೆಮ್ಮದಿಯಿಂದ ಇರುವಂತಿಲ್ಲ. 2007ರಲ್ಲಿ ದಕ್ಷಿಣ ಭಾರತದ, ಇನ್ನೂ ಚಿಕಿತ್ಸೆ ಆರಂಭಿಸದ 119 ಸೋಂಕಿತರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ನೆನಪು, ಗಮನ, ವೇಗಗಳಲ್ಲಿ ಸಣ್ಣ ಅಥವಾ ಮಧ್ಯಮ ಪ್ರಮಾಣದ ಕುಂದು ಕಂಡಿತು.

ಭಾರತದಲ್ಲಿ 2004ರಿಂದ ಎಚ್‌ಐವಿ ಔಷಧಿ ಉಚಿತವಾಗಿದೆ. 2017ರಿಂದ ಸೋಂಕು ಪತ್ತೆಯಾದ ಕೂಡಲೇ ಚಿಕಿತ್ಸೆ ಕೊಡುವ ನೀತಿ ಬಂತು. ರೋಗನಿರೋಧಕ ಕಣಗಳ ಸಂಖ್ಯೆ ಇಳಿಯುವವರೆಗೆ ಕಾಯಬೇಕಾಗಿಲ್ಲ. ವೈರಸ್ ಎಂಟನೆಯ ದಿನಕ್ಕೇ ಮಿದುಳಿನತ್ತ ಹೊರಡಬಲ್ಲದೆಂದು ತಿಳಿದ ಮೇಲೆ ಕಾಯುವುದರಲ್ಲಿ ಅರ್ಥವೂ ಇರಲಿಲ್ಲ. ಅದೇ ವರ್ಷ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯಿದೆ, ಸೋಂಕು ತಡೆಯಲು ಶುದ್ಧ ಸೂಜಿ ಹಂಚುವುದು ಅಪರಾಧವಲ್ಲವೆಂದು ಸ್ಪಷ್ಟಪಡಿಸಿತು. 1982ರ ಎಡಿನ್‌ಬರೊದಲ್ಲಿ ಪೊಲೀಸರು ಜೇಬಿನಿಂದ ಕಸಿದುಕೊಂಡದ್ದನ್ನು ಇಲ್ಲಿ ಕಾನೂನು ಕೈಗಿತ್ತಿದೆ. ಕಾನೂನು ತಿಳಿದ ಪೊಲೀಸಪ್ಪ ಎಲ್ಲ ಠಾಣೆಯಲ್ಲೂ ಇದ್ದಾನೆಯೇ ಎಂಬುದು ಬೇರೆ ಮಾತು.

ಮ್ಯೂರ್‌ಹೌಸಿನಲ್ಲಿ ಉಳಿದವರಿಗೆ ಈಗ ಅರವತ್ತು ದಾಟಿದೆ, ದಾಟುತ್ತಿದೆ. ಅವರಲ್ಲೊಬ್ಬರು ಚಪ್ಪಲಿ ಎಲ್ಲಿಟ್ಟೆನೆಂದು ಮರೆತರೆ ಅದು ವಯಸ್ಸೋ, ನಲವತ್ತು ವರ್ಷಗಳ ಹಿಂದಿನ ವೈರಸ್ಸೋ, ಒಮ್ಮೆ ಉಸಿರುನಿಂತ ರಾತ್ರಿಯ ಫಲವೋ ಎಂದು ವೈದ್ಯರು ಬಿಡಿಸಬೇಕಾಗುತ್ತದೆ. ಅವರ ಜೊತೆ ಒಂದೇ ಸೂಜಿ ಹಂಚಿಕೊಂಡು ತೀರಿಹೋದ ಗೆಳೆಯರ ಮಿದುಳಿನ ಪದರಗಳು ಅದೇ ಊರಿನ ಸಂಗ್ರಹದಲ್ಲಿವೆ. ಸಂಶೋಧಕರು ಈಗಲೂ ಅವನ್ನು ಕೇಳಿ ಪಡೆಯುತ್ತಾರೆ.